ಕಲ್ಲು ಹಿಡಿದ ಮೊದಲ ಹಿರೀಕರು



ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಅಪ್ಪನ ಹೆಸರು ಗೊತ್ತು, ತಾತನದು ಗೊತ್ತು, ಮುತ್ತಾತನ ಹೆಸರು ಕೆಲವರಿಗೆ ಗೊತ್ತು. ಅಲ್ಲಿಂದಾಚೆಗೆ ಹೆಸರು ನಿಂತುಹೋಗುತ್ತದೆ. “ನಮ್ಮ ಹಿರೀಕರು” ಎಂದು ಎಲ್ಲರನ್ನೂ ಒಟ್ಟಿಗೆ ನೆನೆದು ಕೈಮುಗಿಯುತ್ತೇವೆ. ಈ ಹೊತ್ತು ಆ ಹೆಸರಿಲ್ಲದ ಹಿರೀಕರ ಸಮಾಚಾರವನ್ನೇ ಸ್ವಲ್ಪ ವಿಚಾರಿಸೋಣ. ಅವರು ಯಾರು, ಹೇಗಿದ್ದರು, ಏನು ತಿನ್ನುತ್ತಿದ್ದರು, ಕಾಡುಮೃಗಗಳ ನಡುವೆ ಹೇಗೆ ಬದುಕಿ ಉಳಿದರು? ಅವರ ಕೈಗುರುತು ನಮ್ಮ ಬೆಂಗಳೂರಿನ ಪಡುವಣ ಸೀಮೆಯಲ್ಲಿ, ನಮ್ಮ ಕರ್ನಾಟಕದ ಹೊಲಗಳಲ್ಲಿ ಏನಾದರೂ ಉಳಿದಿದೆಯೇ? ಉಳಿದಿದ್ದರೆ ಅದನ್ನು ನಾವು ಏನು ಮಾಡುತ್ತಿದ್ದೇವೆ?

ಎಷ್ಟು ಹಿಂದಿನ ಮಾತು?

ಲಕ್ಷ ವರ್ಷ ಅಂದರೆ ಮನಸ್ಸಿಗೆ ಹಿಡಿಯುವುದಿಲ್ಲ. ಅದಕ್ಕೇ ಒಂದು ಉಪಾಯ ಮಾಡೋಣ. ಕೆಂಗೇರಿಯಿಂದ ಮೈಸೂರು ರಸ್ತೆ ಹಿಡಿದು ನಡೆಯಿರಿ. ಒಂದು ಹೆಜ್ಜೆಗೆ ಒಂದು ತಲೆಮಾರು, ಅಂದರೆ 25 ವರ್ಷ, ಎಂದು ಲೆಕ್ಕ ಇಟ್ಟುಕೊಳ್ಳಿ. ಹೆಜ್ಜೆಗೆ ಎರಡೂವರೆ ಅಡಿ.

ಸುಮಾರು 20 ಹೆಜ್ಜೆ ಇಟ್ಟರೆ ಕೆಂಪೇಗೌಡರು ಬೆಂಗಳೂರು ಕಟ್ಟಿದ 1537ನೆಯ ಇಸವಿ ಬಂತು. 200 ಹೆಜ್ಜೆಗೆ ನಮ್ಮ ನಾಡಿನಲ್ಲಿ ದನ ಸಾಕಣೆ, ಬೇಸಾಯ ಶುರುವಾದ ಕಾಲ ಬಂತು. ಇನ್ನೂ ಕೆಂಗೇರಿ ಊರನ್ನೇ ದಾಟಿಲ್ಲ ನೋಡಿ. ನಮ್ಮ ನಿಮ್ಮಂಥಾ ಮನುಷ್ಯ ಭೂಮಿಯ ಮೇಲೆ ಕಾಣಿಸಿಕೊಂಡದ್ದು ಸುಮಾರು 3 ಲಕ್ಷ ವರ್ಷದ ಹಿಂದೆ. ಅಲ್ಲಿಗೆ 12,000 ಹೆಜ್ಜೆ, ಅಂದರೆ ಒಂಬತ್ತು ಕಿಲೋಮೀಟರು. ಕುಂಬಳಗೋಡು ದಾಟಿರುತ್ತೀರಿ, ಬಿಡದಿ ಇನ್ನೂ ಸಿಕ್ಕಿರುವುದಿಲ್ಲ. ಕರ್ನಾಟಕದಲ್ಲಿ ಕಲ್ಲಿನ ಆಯುಧ ಮಾಡಿದ ಅತಿ ಹಳೆಯ ಜನರನ್ನು ಕಾಣಬೇಕಾದರೆ ರಾಮನಗರದ ತನಕ ಕಾಲು ಸವೆಸಬೇಕು. ಎರಡು ಕಾಲಿನ ಮೇಲೆ ನಡೆದಾಡುತ್ತಿದ್ದ, ಈಗಿನ ವಿದ್ವಾಂಸರು ಲೂಸಿ ಎಂದು ಹೆಸರಿಟ್ಟಿರುವ ಆ ಹಳೆಯ ತಾಯಿಯ ಕಾಲಕ್ಕೆ ಹೋಗಲು ಮಂಡ್ಯವನ್ನೂ ದಾಟಬೇಕು.

ಇಷ್ಟು ದೂರದಲ್ಲಿ ಬೇಸಾಯದ ಪಾಲು 200 ಹೆಜ್ಜೆ ಮಾತ್ರ. ಉಳಿದ ಅಷ್ಟೂ ದಾರಿಯನ್ನು ನಮ್ಮ ಹಿರೀಕರು ಉತ್ತದ್ದಿಲ್ಲ, ಬಿತ್ತಿದ್ದಿಲ್ಲ. ಹೆಕ್ಕಿ, ಅಗೆದು, ಬೇಟೆಯಾಡಿ ನಡೆದರು.

ಮಂಗನೋ, ದಾಯಾದಿಯೋ?

“ಮಂಗನಿಂದ ಮಾನವ ಆದನಂತೆ. ಹಾಗಾದರೆ ಈಗಿನ ಮಂಗಗಳು ಯಾಕೆ ಮನುಷ್ಯರಾಗಲಿಲ್ಲ?” ಎಂದು ಅರಳೀಕಟ್ಟೆಯ ಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಪ್ರಶ್ನೆ ಸರಿಯಾದ್ದೇ. ಉತ್ತರವೂ ನಮ್ಮ ಊರಿನಲ್ಲೇ ಇದೆ. ಒಬ್ಬ ತಾತನಿಗೆ ಇಬ್ಬರು ಮಕ್ಕಳು. ಭಾಗವಾಗಿ ಒಬ್ಬ ಬೆಟ್ಟದ ಕಡೆ ಹೋದ, ಒಬ್ಬ ಬಯಲಿನ ಕಡೆ ಬಂದ. ಹತ್ತು ತಲೆಮಾರಿನ ಮೇಲೆ ಆ ಕಡೆಯವರ ನಡೆನುಡಿ ಬೇರೆ, ಈ ಕಡೆಯವರ ನಡೆನುಡಿ ಬೇರೆ. ಹಾಗೆಂದು ಬೆಟ್ಟದವನು ಬಯಲಿನವನ ಅಪ್ಪನಲ್ಲ, ದಾಯಾದಿ. ಚಿಂಪಾಂಜಿಗೂ ನಮಗೂ ಇರುವ ನಂಟು ಇಂಥದ್ದು. ಸುಮಾರು 60-70 ಲಕ್ಷ ವರ್ಷದ ಹಿಂದೆ ಆಫ್ರಿಕ ಖಂಡದಲ್ಲಿ ಒಂದೇ ಮೂಲದಿಂದ ಎರಡು ಕವಲು ಒಡೆಯಿತು. ಒಂದು ಕವಲು ಮರ ಬಿಡಲಿಲ್ಲ. ಇನ್ನೊಂದು ಕವಲು ನಿಧಾನವಾಗಿ ನೆಲಕ್ಕೆ ಇಳಿಯಿತು.

ಕಾಲು, ಕೈ, ಕೂಸು

ನೆಲಕ್ಕಿಳಿದವರ ಮೊದಲ ಗುಣ ಎರಡೇ ಕಾಲಿನ ಮೇಲೆ ನಡೆಯುವುದು. 1978ರಲ್ಲಿ ಆಫ್ರಿಕದ ತಾಂಜಾನಿಯ ದೇಶದ ಲೇಟೋಲಿ ಎಂಬಲ್ಲಿ ಮೇರಿ ಲೀಕಿ ಎಂಬಾಕೆಯ ತಂಡದವರು ಹೆಜ್ಜೆಗುರುತುಗಳ ಸಾಲನ್ನು ಕಂಡರು. ಜ್ವಾಲಾಮುಖಿಯ ಬೂದಿಯ ಮೇಲೆ ಮಳೆ ಬಿದ್ದು ಹಸಿಯಾಗಿದ್ದಾಗ ಯಾರೋ ಅದರ ಮೇಲೆ ನಡೆದುಹೋದರು. ಬೂದಿ ಒಣಗಿ ಗಾರೆಯಂತೆ ಗಟ್ಟಿಯಾಯಿತು. ನಮ್ಮ ಗದ್ದೆಯ ಕೆಸರು ಬದುವಿನ ಮೇಲೆ ಮೂಡುವ ಹೆಜ್ಜೆಯಂತೆಯೇ ಹಿಮ್ಮಡಿ, ಹೆಬ್ಬೆರಳು ಎಲ್ಲ ಮೂಡಿದೆ. ಅದರ ವಯಸ್ಸು 36 ಲಕ್ಷ ವರ್ಷಕ್ಕೂ ಹೆಚ್ಚು! ಲೂಸಿಯ ಮೂಳೆಗಳು 1974ರಲ್ಲಿ ಇಥಿಯೋಪಿಯ ದೇಶದಲ್ಲಿ ಸಿಕ್ಕಿದವು. ಆಕೆಯ ಕಾಲ 32 ಲಕ್ಷ ವರ್ಷದ ಹಿಂದೆ. ಎತ್ತರ ಮೂರೂವರೆ ಅಡಿಯ ಆಸುಪಾಸು. ಮಿದುಳು ನಮ್ಮದರ ಮೂರನೆಯ ಒಂದು ಪಾಲು. ಬುದ್ಧಿ ಬೆಳೆದ ಮೇಲೆ ಮನುಷ್ಯ ಎದ್ದು ನಿಂತದ್ದಲ್ಲ. ಎದ್ದು ನಿಂತು ಎಷ್ಟೋ ಲಕ್ಷ ವರ್ಷವಾದ ಮೇಲೆ ಮಿದುಳು ಬೆಳೆಯಿತು.

ಎದ್ದು ನಿಂತದ್ದರಿಂದ ಕೈಗೆ ಬಿಡುವಾಯಿತು. ಆ ಕೈ ಕಲ್ಲನ್ನು ಹಿಡಿಯಿತು. ಹುಲಿಗೆ ಉಗುರಿದೆ, ಹಂದಿಗೆ ಕೋರೆಯಿದೆ, ಜಿಂಕೆಗೆ ಓಟವಿದೆ. ನಮ್ಮ ಹಿರೀಕನಿಗೆ ಇವು ಯಾವುದೂ ಇರಲಿಲ್ಲ. ಕಲ್ಲಿಗೆ ಕಲ್ಲು ಬಡಿದು ಹರಿತವಾದ ಚಕ್ಕೆ ಎಬ್ಬಿಸಿದ. ಆ ಚಕ್ಕೆಯೇ ಅವನ ಉಗುರು, ಅವನ ಕೋರೆ. ಇದುವರೆಗೆ ಸಿಕ್ಕಿರುವ ಅತಿ ಹಳೆಯ ಕಲ್ಲಿನ ಸಲಕರಣೆಗಳು ಕೆನ್ಯ ದೇಶದ ಲೊಮೆಕ್ವಿ ಎಂಬಲ್ಲಿನವು. ವಯಸ್ಸು 33 ಲಕ್ಷ ವರ್ಷ.

ತಾಯಂದಿರಿಗೆ ಒಂದು ಮಾತು ಹೇಳಬೇಕು. ಎರಡು ಕಾಲಿನ ನಡಿಗೆಗೆ ತಕ್ಕಂತೆ ಸೊಂಟದ ಮೂಳೆಯ ಆಕಾರ ಬದಲಾಯಿತು. ಕಾಲಕ್ರಮದಲ್ಲಿ ಕೂಸಿನ ತಲೆಯೋ ದೊಡ್ಡದಾಗುತ್ತಾ ಹೋಯಿತು. ಹೆರಿಗೆಯ ಕಷ್ಟ ಹೆಚ್ಚಿದ್ದರ ಮೂಲ ಇಲ್ಲೂ ಇದೆ ಎನ್ನುತ್ತಾರೆ. ಹುಟ್ಟಿದ ಕೂಸಾದರೂ ಎಂಥದ್ದು? ಕೊಟ್ಟಿಗೆಯಲ್ಲಿ ಹಸು ಕರು ಹಾಕಿದರೆ ಒಂದೆರಡು ಗಂಟೆಯಲ್ಲಿ ಕರು ತಡವರಿಸುತ್ತಾ ಎದ್ದು ಕೆಚ್ಚಲು ಹುಡುಕುತ್ತದೆ. ನಮ್ಮ ಕೂಸು ಎದ್ದು ನಿಲ್ಲಲು ವರ್ಷ ಬೇಕು, ತನ್ನ ಅನ್ನ ತಾನು ಸಂಪಾದಿಸಲು ಹದಿನೈದು ವರ್ಷ ಬೇಕು. ಇಂಥಾ ಕೂಸನ್ನು ಒಬ್ಬ ತಾಯಿ ಒಬ್ಬಂಟಿಯಾಗಿ ಸಾಕಲಾರಳು. ಅಜ್ಜಿ ಬೇಕು, ಅಪ್ಪ ಬೇಕು, ಅಕ್ಕ ಬೇಕು. ತಂದದ್ದನ್ನು ಹಂಚಿಕೊಂಡು ತಿನ್ನುವ ಗುಂಪು ಬೇಕು. ಒಂದು ತುಂಬಿದ ಮನೆಗೆ ಬೇಕಾದ ಗುಣಗಳೆಲ್ಲ ಹೀಗೆ ಬೆಳೆದುಬಂದವು.

ಬಲವಿಲ್ಲದವರನ್ನು ಅವರು ನೋಡಿಕೊಳ್ಳುತ್ತಿದ್ದರೇ? ಜಾರ್ಜಿಯ ದೇಶದ ದ್ಮಾನಿಸಿ ಎಂಬಲ್ಲಿ ಸುಮಾರು 17-18 ಲಕ್ಷ ವರ್ಷದ ಹಿಂದಿನ ಒಂದು ತಲೆಬುರುಡೆ ಸಿಕ್ಕಿದೆ. ವಯಸ್ಸಾದವನದು. ಬಾಯಲ್ಲಿ ಒಂದು ಹಲ್ಲು ಬಿಟ್ಟರೆ ಬೇರೆ ಹಲ್ಲೇ ಇಲ್ಲ. ಹಲ್ಲು ಉದುರಿದ ಗುಳಿಗಳೆಲ್ಲ ಮೂಳೆ ಬೆಳೆದು ಮುಚ್ಚಿಕೊಂಡಿವೆ. ಅಂದರೆ ಹಲ್ಲು ಹೋದ ಮೇಲೂ ಆತ ವರ್ಷಗಟ್ಟಲೆ ಬದುಕಿದ್ದ. ಗಟ್ಟಿ ಬೇರು, ಹಸಿ ಮಾಂಸ ತಿನ್ನಬೇಕಾದ ಕಾಲದಲ್ಲಿ ಹಲ್ಲಿಲ್ಲದ ಮುದುಕ ಹೇಗೆ ಬದುಕಿದ? ಮಕ್ಕಳೋ ಮೊಮ್ಮಕ್ಕಳೋ ಜಜ್ಜಿ, ಮೆದು ಮಾಡಿ ಕೊಟ್ಟಿರಬೇಕು ಎಂದು ಅದನ್ನು ಪರೀಕ್ಷಿಸಿದವರು ಹೇಳುತ್ತಾರೆ.

ಆಮೇಲೆ ಬೆಂಕಿ. ದಕ್ಷಿಣ ಆಫ್ರಿಕದ ವಂಡರ್‌ವರ್ಕ್ ಎಂಬ ಗವಿಯಲ್ಲಿ ಸುಮಾರು 10 ಲಕ್ಷ ವರ್ಷದ ಹಿಂದಿನ ಬೂದಿ, ಸುಟ್ಟ ಮೂಳೆ ದೊರಕಿವೆ. ಬೆಂಕಿಯಿಂದ ಚಳಿ ಹೋಯಿತು, ಮೃಗ ದೂರವಾಯಿತು, ಬೇಯಿಸಿದ ಗೆಡ್ಡೆ ಬೇಗ ಅರಗಿತು. ನಮ್ಮ ಮಿದುಳು ತೂಕದಲ್ಲಿ ಮೈಯ ನೂರರಲ್ಲಿ ಎರಡು ಪಾಲು. ಆದರೆ ತಿಂದ ಅನ್ನದ ಶಕ್ತಿಯಲ್ಲಿ ಐದರಲ್ಲೊಂದು ಪಾಲನ್ನು ಅದೇ ನುಂಗುತ್ತದೆ. ಅಂಥಾ ಮಿದುಳನ್ನು ಸಾಕಲು ಒಲೆಯ ಅಡಿಗೆ ನೆರವಾಯಿತು ಎಂಬುದು ಅನೇಕ ವಿಜ್ಞಾನಿಗಳ ಅಭಿಪ್ರಾಯ.

ನಮ್ಮ ಕನ್ನಡ ನಾಡಿನಲ್ಲಿ

ಇದೆಲ್ಲ ಹೊರದೇಶದ ಮಾತಾಯಿತು. ನಮ್ಮ ನಾಡಿನದೇನು?

1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭ ಶಾಸ್ತ್ರಜ್ಞನ ಕಣ್ಣಿಗೆ ಒಂದು ಕಲ್ಲು ಬಿತ್ತು. ಅದು ಮನುಷ್ಯನ ಕೈ ಕೆತ್ತಿದ ಕಲ್ಲು ಎಂದು ಆತ ಗುರುತಿಸಿದ. ಅದೇ ಕಲ್ಲುಗಳನ್ನು ಅದಕ್ಕೆ ಮೊದಲು ಸಾವಿರಾರು ಜನ ತುಳಿದು ಓಡಾಡಿದ್ದರು. ಯೂರೋಪಿನಲ್ಲಿ ಅಂಥವು ಸಿಕ್ಕಿದ ಸುದ್ದಿ ತಿಳಿದಿದ್ದರಿಂದ ಫೂಟ್ ನಿಂತು ನೋಡಿದ. ಮುಂದೆ ಬಳ್ಳಾರಿ, ರಾಯಚೂರು, ಮೈಸೂರು ಸೀಮೆಗಳಲ್ಲೂ ಆತ ಇಂಥಾ ನೆಲೆಗಳನ್ನು ಹುಡುಕಿ ಬರೆದಿಟ್ಟ. ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿಯಲ್ಲಿಯೂ ಹಳೆಯ ಶಿಲಾಯುಗದ ಆಯುಧಗಳು ಸಿಕ್ಕಿವೆ. ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು 1956ರಲ್ಲಿ ಮೈಸೂರು ಸೀಮೆಯ ಶಿಲಾಯುಗಗಳ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿದರು.

ಎಲ್ಲಕ್ಕಿಂತ ಹೆಸರಾದದ್ದು ಇಂದಿನ ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರ. ನೀರಾವರಿ ಕೆಲಸಕ್ಕಾಗಿ ಮೇಲಿನ ಹೂಳುಮಣ್ಣು ತೆಗೆದಾಗ ಕೆಳಗೆ ಹಾಸುಗಲ್ಲು, ಅದರ ನಡುವೆ ಕೆತ್ತಿದ ಕಲ್ಲುಗಳ ರಾಶಿ ಕಾಣಿಸಿತು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅದನ್ನು 1983ರಲ್ಲಿ ಕಂಡು, 1997ರಿಂದ ಹಲವು ವರ್ಷ ಅಗೆತ ಮಾಡಿಸಿದರು. ಅದೊಂದು ಕಲ್ಲಿನ ಕಾರ್ಖಾನೆ ಎನ್ನಬಹುದು. ಸುಣ್ಣಕಲ್ಲಿನ ಚಪ್ಪಡಿಗಳಲ್ಲಿ ತಕ್ಕ ದಪ್ಪದ್ದನ್ನು ಆರಿಸಿ, ಗಟ್ಟಿಯಾದ ಗುಂಡುಕಲ್ಲಿನಿಂದ ಬಡಿದು ಕೈಗೊಡಲಿ, ಕತ್ತಿಯಂಥಾ ಚಕ್ಕೆಗಳನ್ನು ಮಾಡುತ್ತಿದ್ದರು. ಕೈಗೊಡಲಿ ಎಂದರೆ ಹಿಡಿಯಿಲ್ಲದ ಕೊಡಲಿ. ಮಾವಿನ ವಾಟೆಯ ಆಕಾರ, ಬುಡ ದಪ್ಪ, ತುದಿ ಚೂಪು, ಎರಡು ಮೈಯೂ ಕೆತ್ತಿದ್ದು. ಕಲ್ಲು ಎಲ್ಲಿ ಹೊಡೆದರೆ ಎತ್ತ ಸೀಳುತ್ತದೆ ಎಂಬುದು ನಮ್ಮ ಒರಳು ಬೀಸುಕಲ್ಲು ಕಡೆಯುವವರಿಗೆ ಗೊತ್ತು. ಆ ವಿದ್ಯೆಯನ್ನು ಅವರೂ ಬಲ್ಲವರಾಗಿದ್ದರು. ದೊಡ್ಡವರು ಮಾಡಿದ್ದನ್ನು ಚಿಕ್ಕವರು ಕೂತು ನೋಡಿ ಕಲಿಯದೆ ಇಂಥಾ ಕಸುಬು ಮುಂದಿನ ತಲೆಗೆ ದಾಟುವುದಿಲ್ಲ.

ಅದರ ವಯಸ್ಸು ತಿಳಿದದ್ದು ಹೇಗೆ ಎಂದರೆ, ಅಲ್ಲೇ ಸಿಕ್ಕ ಕಾಡುದನದ ಜಾತಿಯ ಪ್ರಾಣಿಗಳ ಹಲ್ಲಿನಿಂದ. ನೆಲದೊಳಗಿನ ಸೂಕ್ಷ್ಮ ವಿಕಿರಣದ ಪ್ರಭಾವ ಹಲ್ಲಿನ ಮೇಲ್ಪದರದಲ್ಲಿ ವರ್ಷವರ್ಷಕ್ಕೂ ಕೂಡುತ್ತಾ ಹೋಗುತ್ತದೆ. ವರ್ಷಕ್ಕೆ ಎಷ್ಟು ಎಂದು ಗೊತ್ತಿದ್ದರೆ ಒಟ್ಟು ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಬಹುದು, ನಲ್ಲಿಯ ಹನಿಯನ್ನು ಅಳೆದು ತೊಟ್ಟಿ ಎಷ್ಟು ಹೊತ್ತಿನಿಂದ ತುಂಬುತ್ತಿದೆ ಎಂದು ಹೇಳುವ ಹಾಗೆ. ಲೆಕ್ಕ ಬಂದದ್ದು ಸುಮಾರು 12 ಲಕ್ಷ ವರ್ಷ. ಅಲ್ಲಿ ಮನುಷ್ಯರ ಮೂಳೆ ಸಿಕ್ಕಿಲ್ಲ. ಕಾಲವನ್ನು ನೋಡಿದರೆ ಅವರು ಹೋಮೋ ಇರೆಕ್ಟಸ್, ಅಂದರೆ ನೆಟ್ಟಗೆ ನಿಂತ ಮಾನವ, ಎಂಬ ಹಳೆಯ ಜಾತಿಯವರಿರಬೇಕೆಂದು ವಿದ್ವಾಂಸರ ಊಹೆ. ನಮ್ಮ ದೇಶದಲ್ಲಿ ಅಷ್ಟು ಹಳೆಯ ಬಗೆಯ ಮನುಷ್ಯನ ತಲೆಬುರುಡೆ ಸಿಕ್ಕಿರುವುದು ನರ್ಮದಾ ದಂಡೆಯ ಹತನೋರದಲ್ಲಿ. ಅರುಣ್ ಸೋನಾಕಿಯ ಅವರು 1982ರಲ್ಲಿ ಕಂಡದ್ದು.

ಹುಣಸಗಿ ಸುತ್ತಿನ ಕಣಿವೆಯಲ್ಲಿ ಇಂಥಾ ನೆಲೆಗಳು ನೂರಕ್ಕೂ ಹೆಚ್ಚಿವೆ. ಅವುಗಳನ್ನೆಲ್ಲ ಜೋಡಿಸಿ ನೋಡಿ ಪದ್ದಯ್ಯನವರು ಅವರ ವರ್ಷದ ಬದುಕನ್ನು ಹೀಗೆ ವಿವರಿಸಿದ್ದಾರೆ. ಮಳೆಗಾಲದಲ್ಲಿ ಹಳ್ಳಕೊಳ್ಳಗಳಲ್ಲೆಲ್ಲ ನೀರು. ಆಗ ಸಣ್ಣ ಸಣ್ಣ ಗುಂಪಾಗಿ ಕಣಿವೆಯ ತುಂಬ ಚದರಿ, ಹಣ್ಣು, ಸೊಪ್ಪು, ಗೆಡ್ಡೆ, ಸಣ್ಣ ಪ್ರಾಣಿಗಳಿಂದ ಹೊಟ್ಟೆ ಹೊರೆಯುತ್ತಿದ್ದರು. ಬೇಸಗೆ ಬಂದು ಹಳ್ಳ ಬತ್ತಿದಾಗ ಎಂದೂ ಬತ್ತದ ನೀರಿನ ಬುಗ್ಗೆಗಳ ಹತ್ತಿರ ಎಲ್ಲರೂ ಬಂದು ಸೇರುತ್ತಿದ್ದರು. ಬಾಯಾರಿದ ಮೃಗಗಳೂ ಅಲ್ಲಿಗೇ ಬರುತ್ತಿದ್ದವು. ಬೇಟೆ ಸಿಗುತ್ತಿತ್ತು. ನೀರು, ಕಲ್ಲು, ಮೇವು ಮೂರನ್ನೂ ನೋಡಿ ನೆಲೆ ಹಿಡಿಯುವ ವಿವೇಚನೆ ಅವರಿಗಿತ್ತು. ಮಳೆಯನ್ನು ನೋಡಿ ಬಾಳುವುದರಲ್ಲಿ ಅವರೂ ನಾವೂ ಬೇರೆಯಲ್ಲ.

ನಮ್ಮ ಪಡುವಣ ಬೆಂಗಳೂರು

ಇನ್ನು ನಮ್ಮ ಕಡೆಗೆ ಬನ್ನಿ. ನಮ್ಮ ಕೆಂಪುಮಣ್ಣಿನಲ್ಲಿ ಮೂಳೆ ಬಹುಕಾಲ ಉಳಿಯುವುದಿಲ್ಲ, ಕರಗಿಹೋಗುತ್ತದೆ. ಕಲ್ಲು ಉಳಿಯುತ್ತದೆ. ಹೊಲ ಉಳುವಾಗ ನೇಗಿಲಿಗೆ ತಗಲುವ ಬಿಳಿಯ ಬೆಣಚುಕಲ್ಲು ನಿಮಗೆಲ್ಲ ಗೊತ್ತಿದೆಯಲ್ಲ? ರಾಜಾಜಿನಗರ, ಯಶವಂತಪುರಗಳ ಆಚೆಗಿರುವ ಜಾಲಹಳ್ಳಿಯಲ್ಲಿ ಆ ಬೆಣಚುಕಲ್ಲಿನಿಂದ ಮಾಡಿದ ಪುಟ್ಟ ಪುಟ್ಟ ಆಯುಧಗಳು ಸಿಕ್ಕಿದವು. ಟಾಡ್ ಎಂಬುವರು 1948ರಲ್ಲಿ ಅವುಗಳ ವಿವರವನ್ನು ಪ್ರಕಟಿಸಿದರು. ಬೆರಳ ಗೆಣ್ಣಿನಷ್ಟು ಚಿಕ್ಕವು. ಇಂಥವನ್ನು ಮರಕ್ಕೋ ಮೂಳೆಗೋ ಅಂಟಿನಿಂದ ಕೂಡಿಸಿ ಬಾಣದ ಮೊನೆ, ಕುಡುಗೋಲಿನ ಹಲ್ಲು ಮಾಡಿಕೊಳ್ಳುತ್ತಿದ್ದರು. ಇವರು ಇಸಾಂಪುರದವರಿಗಿಂತ ಬಹಳ ಈಚಿನವರು. ಮೈಕಟ್ಟಿನಲ್ಲಿ, ಬುದ್ಧಿಯಲ್ಲಿ ನಮ್ಮಂಥವರೇ.

ಆಮೇಲೆ ದನ ಸಾಕಿದವರು, ಬಿತ್ತಿ ಬೆಳೆದವರು ಬಂದರು. ಬಳ್ಳಾರಿಯ ಸಂಗನಕಲ್ಲಿನಲ್ಲಿ ಸುಮಾರು 4,000 ವರ್ಷದ ಹಿಂದಿನ ಜನ ಹುರುಳಿ, ಹೆಸರು, ಕೊರಲೆ ತಿನ್ನುತ್ತಿದ್ದರೆಂದು ಸುಟ್ಟು ಕರಿಯಾದ ಕಾಳುಗಳಿಂದ ತಿಳಿದಿದೆ. ಬಳ್ಳಾರಿ ರಾಯಚೂರು ಸೀಮೆಯ ಬೂದಿದಿಬ್ಬಗಳು ಆ ದನಗಾಹಿಗಳ ಕೊಟ್ಟಿಗೆಯ ಸಗಣಿ ಸುಟ್ಟು ಆದವು. ರಾಗಿ ಮಾತ್ರ ಈ ನೆಲದ್ದಲ್ಲ. ಅದರ ತವರು ಆಫ್ರಿಕ. ಮನುಷ್ಯನ ತವರೂ ಆಫ್ರಿಕವೇ. ಮುದ್ದೆ ಉಣ್ಣುವವರೂ ಮುದ್ದೆಯ ರಾಗಿಯೂ ಬೇರೆ ಬೇರೆ ಕಾಲದಲ್ಲಿ ಒಂದೇ ಕಡೆಯಿಂದ ಹೊರಟು ಬಂದು ಇಲ್ಲಿ ಸೇರಿದ ಹಾಗಾಯಿತು.

ಕಳೆದುಹೋಗುತ್ತಿರುವ ಪುಟಗಳು

ಈಗ ಮುಖ್ಯವಾದ ಮಾತಿಗೆ ಬರೋಣ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ ಇವೆಲ್ಲ ಒಂದು ಕಾಲಕ್ಕೆ ರಾಗಿ ಹೊಲದ ಊರುಗಳು. ಇಂದು ಅವು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಒಳಗೆ ಸೇರಿಹೋಗಿವೆ. ಮೆಟ್ರೋ ರೈಲು 2021ರಲ್ಲಿ ಕೆಂಗೇರಿಗೂ ಬಂತು. ವೃಷಭಾವತಿಯ ದಂಡೆಯುದ್ದಕ್ಕೂ ಮನೆಗಳಾದವು, ಹೊಳೆಯೇ ಊರಿನ ಕೊಳಚೆ ಹೊತ್ತಿತು. ಮನೆ ಬೇಕು, ರಸ್ತೆ ಬೇಕು, ಬೇಡವೆನ್ನಲಾಗದು. ಆದರೆ ಆ ನೆಲವನ್ನು ಅಗೆದಾಗ ಮಣ್ಣಿನಲ್ಲಿ ಏನಿತ್ತೆಂದು ನಿಂತು ನೋಡಿದವರು ಎಷ್ಟು ಮಂದಿ? ಜಾಲಹಳ್ಳಿಯದು ಬರೆದಿಟ್ಟದ್ದರಿಂದ ಉಳಿಯಿತು. ಬೆಳೆ ಹೋದರೆ ಮುಂದಿನ ಮಳೆಗೆ ಬಿತ್ತಬಹುದು, ಈ ಕಲ್ಲುಗಳು ಒಮ್ಮೆ ಚದರಿದರೆ ಯಾವ ಮಳೆಗೂ ಮೊಳೆಯುವುದಿಲ್ಲ.

ಕೆಂಗೇರಿಯಿಂದ ಆಚೆಗೆ, ಮಾಗಡಿ ಬಿಡದಿ ಕಡೆ, ಇನ್ನೂ ಹೊಲ ತೋಟ ಇಟ್ಟುಕೊಂಡವರು ಇದ್ದೀರಿ. ನೀವು ಮಾಡಬಹುದಾದದ್ದು ಕಷ್ಟದ ಕೆಲಸವೇನಲ್ಲ.

ಜೆಸಿಬಿ ತರಿಸಿ ಹೊಲ ಸಮ ಮಾಡುವಾಗ, ಕೆರೆ ಹೂಳು ಎತ್ತುವಾಗ, ಬಾವಿ ತೋಡುವಾಗ ಒಂದು ಕಣ್ಣು ಮಣ್ಣಿನ ಮೇಲಿರಲಿ. ಎರಡು ಮೈ ಕೆತ್ತಿ ಅಂಚು ಮಾಡಿದ ಕಲ್ಲು, ಒಂದೇ ಕಡೆ ರಾಶಿಯಾಗಿ ಬಿದ್ದ ಬೆಣಚುಕಲ್ಲಿನ ಹರಿತ ಚಕ್ಕೆಗಳು, ನುಣ್ಣಗೆ ಉಜ್ಜಿದ ಕರಿಕಲ್ಲಿನ ಕೊಡಲಿ ಕಂಡರೆ ಕೆಲಸ ನಿಲ್ಲಿಸಿ ನೋಡಿ. ಉಜ್ಜಿದ ಕೊಡಲಿಯನ್ನು ಸಿಡಿಲಿನ ಕಲ್ಲು ಎಂದು ಗುಡಿಯಲ್ಲಿ ಇಟ್ಟು ಪೂಜಿಸುವುದೂ ಉಂಟು. ಪೂಜೆ ಬಿಡಬೇಡಿ, ಅದು ಯಾವ ಹೊಲದಲ್ಲಿ ಸಿಕ್ಕಿತು ಎಂಬುದನ್ನು ಮಾತ್ರ ಬರೆದಿಡಿ. ಇದ್ದ ಜಾಗದಲ್ಲೇ ಬಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ, ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ ಇಡಿ, ಸರ್ವೆ ನಂಬರು ಗುರುತು ಮಾಡಿಕೊಳ್ಳಿ. ಕಲ್ಲಿಗಿಂತ ಅದು ಇದ್ದ ಜಾಗ ಹೇಳುವ ಕಥೆ ದೊಡ್ಡದು. ಊರಿನ ಶಾಲೆಯ ಮೇಷ್ಟ್ರಿಗೆ, ಪಂಚಾಯ್ತಿಗೆ, ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಿ.

“ಹೇಳಿದರೆ ಜಮೀನೇ ಹೋದೀತು” ಎಂಬ ಅಂಜಿಕೆ ಹಲವರಿಗಿದೆ. ಹೊಲದಲ್ಲಿ ನಾಲ್ಕು ಕೆತ್ತಿದ ಕಲ್ಲು ಸಿಕ್ಕ ಮಾತ್ರಕ್ಕೆ ಯಾರ ಜಮೀನೂ ಹೋಗುವುದಿಲ್ಲ. ಅಷ್ಟು ನೆಲೆಗಳಿರುವ ಹುಣಸಗಿ ಸೀಮೆಯಲ್ಲಿ ಇಂದಿಗೂ ಕಾಲುವೆ ನೀರು ಹರಿದು ಬತ್ತ ಬೆಳೆಯುತ್ತಿದ್ದಾರೆ.

ಇನ್ನೊಂದು ಎಚ್ಚರಿಕೆ. ಸಾವನದುರ್ಗದ ತಪ್ಪಲಿನಲ್ಲಿ ಚಪ್ಪಡಿ ನಿಲ್ಲಿಸಿ ಮಾಡಿದ ಹಳೆಯ ಸಮಾಧಿಗಳ ವಿಚಾರವನ್ನು ಬ್ರಾನ್‌ಫಿಲ್ ಎಂಬ ಅಧಿಕಾರಿ 1881ರಲ್ಲಿಯೇ ಬರೆದಿದ್ದಾನೆ. ಇಂಥವನ್ನು ನಮ್ಮ ಜನ ಪಾಂಡವರ ಮನೆ ಎನ್ನುತ್ತಾರೆ. ಶಿಲಾಯುಗ ಕಳೆದು ಕಬ್ಬಿಣ ಬಂದ ಕಾಲದವು ಅವು. ನಿಧಿಯ ಆಸೆಯಿಂದ ರಾತ್ರೋರಾತ್ರಿ ಇವನ್ನು ಅಗೆಯುವವರಿದ್ದಾರೆ. ಇಂಥಾ ಸಮಾಧಿಗಳಲ್ಲಿ ಸಿಗುವುದು ಮಡಕೆ, ತುಕ್ಕು ಹಿಡಿದ ಕಬ್ಬಿಣ, ಮೂಳೆ. ಅಗೆದವನಿಗೆ ಲಾಭವಿಲ್ಲ, ಊರಿನ ಚರಿತ್ರೆ ಹಾಳು. ನಿಮ್ಮ ಊರ ಹುಡುಗರಿಗೆ ಬುದ್ಧಿ ಹೇಳಿ.

ಬಾಂಧವರೇ, ನಮ್ಮ ಮೊದಲ ಹಿರೀಕರು ಅರಸರಲ್ಲ, ಶಾಸನ ಬರೆಸಿದವರಲ್ಲ. ಉಗುರಿಲ್ಲದ, ಕೋರೆಯಿಲ್ಲದ ಬಡಜೀವಗಳು. ಕೈಗೆ ಸಿಕ್ಕ ಕಲ್ಲನ್ನು ಬುದ್ಧಿಯಿಂದ ಕೆತ್ತಿದರು, ತಂದದ್ದನ್ನು ಹಂಚಿ ತಿಂದರು, ಎದ್ದು ನಿಲ್ಲಲಾಗದ ಕೂಸನ್ನೂ ಹಲ್ಲಿಲ್ಲದ ಮುದುಕನನ್ನೂ ಕೈಬಿಡಲಿಲ್ಲ, ಕಲಿತದ್ದನ್ನು ಮಕ್ಕಳಿಗೆ ಕಲಿಸಿದರು. ಅದಕ್ಕೇ ಅವರು ಉಳಿದರು, ಅವರಿಂದ ನಾವು ಉಳಿದೆವು. ಅವರು ಬಿಟ್ಟುಹೋದ ಸಾಕ್ಷಿ ನಿಮ್ಮ ಹೊಲದ ಬದುವಿನಲ್ಲಿರಬಹುದು. ಮುಂದಿನ ಸಲ ನೇಗಿಲಿಗೋ ಟ್ರ್ಯಾಕ್ಟರಿಗೋ ಸಿಕ್ಕಿದ ಕಲ್ಲನ್ನು ಬದುವಿನಾಚೆ ಎಸೆಯುವ ಮೊದಲು ಒಂದು ಸಲ ತಿರುಗಿಸಿ ನೋಡಿ. ಈ ಬರಹವನ್ನು ಮನೆಯ ಮಕ್ಕಳಿಂದ ಗಟ್ಟಿಯಾಗಿ ಓದಿಸಿ, ಹಿರಿಯರೂ ಕೇಳಲಿ.